ಬರಿದಾದ ಕೊಟ್ಟಿಗೆಯ ಶುದ್ಧಿ

ಒಂದೇ ಕೊಟ್ಟಿಗೆಯಲ್ಲಿ ಎರಡು ಸಲ ಮರಿಗಳು ಸತ್ತರೆ, "ಆ ಜಾಗ ಅವರಿಗೆ ಆಗಿಬರುವುದಿಲ್ಲ" ಎಂದು ನಮ್ಮ ಜನ ಹೇಳುವುದುಂಟು. ಸಾಲಮಾಡಿ ತಂದ ಇಪ್ಪತ್ತು ಮರಿಗಳಲ್ಲಿ ಎಂಟೋ ಹತ್ತೋ ಕಣ್ಣೆದುರಿಗೇ ಒರಗಿದ ಮೇಲೆ ಮನೆಯವರು ಆ ಮಾತನ್ನು ನಂಬದೆ ಇನ್ನೇನು ಮಾಡಿಯಾರು? ಕೆಲವರು ಬಾಗಿಲಿನ ದಿಕ್ಕನ್ನು ಬದಲಿಸುವರು. ಕೆಲವರು ಶಾಂತಿ ಮಾಡಿಸುವರು. ಕೆಲವರು ಕುರಿ ಸಾಕುವುದನ್ನೇ ಬಿಟ್ಟುಬಿಡುವರು. ವಿದ್ಯಾವಂತರಾದ ನಾವು ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ನಿಧಾನವಾಗಿ ವಿಚಾರಿಸಿದರೆ ಆ ಮಾತಿನಲ್ಲಿ ಅರ್ಧ ಸತ್ಯವಿದೆಯೆಂದು ಒಪ್ಪಬೇಕಾಗುವುದು. ಕೇಡು ಆ ಜಾಗದಲ್ಲಿಯೇ ನೆಲಸಿರುವುದು ಎಷ್ಟೋ ಸಲ ನಿಜ. ಸತ್ಯದ ಉಳಿದ ಅರ್ಧವೇನೆಂದರೆ, ಆ ಕೇಡನ್ನು ಸಲಿಕೆಯಿಂದ ಕೆರೆದು, ನೀರಿನಿಂದ ತೊಳೆದು, ಗಾಳಿ ಬಿಸಿಲುಗಳಿಂದ ಒಣಗಿಸಿ, ಸುಣ್ಣ ಮೊದಲಾದ ಔಷಧಗಳಿಂದ ಅಳಿಸಬಹುದೆಂಬುದು. ಒಂದು ಗುಂಪು ಪ್ರಾಣಿಗಳು ಹೊರಟುಹೋಗಿ ಮತ್ತೊಂದು ಗುಂಪು ಬರುವುದಕ್ಕೆ ಮುಂಚೆ, ನಡುವಿನ ಕೆಲವೇ ದಿನಗಳಲ್ಲಿ ಮಾಡತಕ್ಕ ಈ ಕಾರ್ಯವನ್ನು ಕುರಿತು ಇಲ್ಲಿ ವಿಚಾರ ಮಾಡೋಣ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಈ ಪ್ರಶ್ನೆ ಹಿಂದೆ ಇಷ್ಟು ತೀವ್ರವಾಗಿರಲಿಲ್ಲ. ಅದಕ್ಕೆ ಕಾರಣವನ್ನು ಕುರುಬರ ಸಂಚಾರಕ್ರಮದಲ್ಲಿ ಕಾಣಬಹುದು. ಕೃಷ್ಣಾ ಘಟಪ್ರಭಾ ತೀರಗಳ ಕುರಿಗಾಹಿಗಳು ಸುಗ್ಗಿ ಮುಗಿದ ಮೇಲೆ ಹಿಂಡನ್ನು ಊರಿಂದೂರಿಗೆ ನಡೆಸಿಕೊಂಡು ಹೋಗುವರು. ಒಕ್ಕಲಿಗರು ಅವರನ್ನು ಕರೆದು ತಮ್ಮ ಎರೆಹೊಲಗಳಲ್ಲಿ ಕುರಿ ತರುಬಿಸುವರು. ಗೊಬ್ಬರಕ್ಕೆ ಪ್ರತಿಯಾಗಿ ಕಾಳನ್ನೋ ಹಣವನ್ನೋ ಕೊಡುವರು. ಒಂದು ಹೊಲದಲ್ಲಿ ಕೆಲವು ರಾತ್ರಿಗಳಾದೊಡನೆ ದಡ್ಡಿ ಎದ್ದು ಮತ್ತೊಂದು ಹೊಲಕ್ಕೆ ಹೋಗುವುದು. ಹಿಂಡು ಬಿಟ್ಟುಹೋದ ನೆಲದ ಮೇಲೆ ಬಯಲುಸೀಮೆಯ ಬಿಸಿಲು ಬೀಳುವುದು, ಗಾಳಿಯಾಡುವುದು, ನೇಗಿಲು ಹಾಯುವುದು. ಕುರುಬನು ಸೋಂಕುನಿವಾರಣೆಯೆಂಬ ಮಾತನ್ನು ಕೇಳದಿದ್ದರೂ ಅದರ ಸಾರವನ್ನು ದಿನಚರಿಯಲ್ಲಿಯೇ ಆಚರಿಸುತ್ತಿದ್ದನು. ರೋಗದ ಬೀಜ ನೆಲಕ್ಕೆ ಬಿದ್ದರೆ ಆತನು ನೆಲವನ್ನೇ ಬಿಟ್ಟು ಮುಂದೆ ನಡೆಯುತ್ತಿದ್ದನು.

ಈಗ ಸ್ಥಿತಿ ಬದಲಾಗಿದೆ. ಕಾಲುವೆಯ ನೀರೂ ಏತನೀರಾವರಿಯೂ ಬಂದು ಕಬ್ಬು ಹಬ್ಬಿದ ಕಡೆಗಳಲ್ಲಿ ಹಿಂಡು ತಿರುಗಾಡುವ ಬೀಳು ಕಡಿಮೆಯಾಗಿದೆ. ಮರಿಗಳನ್ನು ಅಮೀನಗಡದಂಥ ಸಂತೆಗಳಲ್ಲಿ ಕೊಂಡು, ಶೆಡ್ಡಿನಲ್ಲಿಯೇ ಕಟ್ಟಿ ಮೇಯಿಸಿ, ನಾಲ್ಕಾರು ತಿಂಗಳಲ್ಲಿ ಮಾರಿ, ಮತ್ತೆ ಹೊಸ ಮರಿಗಳನ್ನು ತರುವ ಉದ್ಯೋಗ ಬೆಳೆದಿದೆ. ಕೋಳಿಸಾಕಣೆಯಲ್ಲಂತೂ ಇದು ಇನ್ನೂ ವೇಗದ ಚಕ್ರ: ಮಾಂಸದ ಕೋಳಿ ಒಂದು ದಿನದ ಮರಿಯಾಗಿ ಒಳಗೆ ಬಂದು ಸುಮಾರು ಆರು ವಾರಗಳಲ್ಲಿ ಹೊರಗೆ ಹೋಗುವುದು. ಪ್ರಾಣಿಗಳು ಬಂದು ಹೋಗುವುವು. ಕಟ್ಟಡ ಮಾತ್ರ ಅಲ್ಲಿಯೇ ನಿಲ್ಲುವುದು. ಹಿಂದಿನವು ಬಿಟ್ಟುಹೋದುದನ್ನೆಲ್ಲ ಅದು ಜೋಪಾನವಾಗಿಟ್ಟು ಮುಂದಿನವುಗಳಿಗೆ ಒಪ್ಪಿಸುವುದು.

ಹೀಗೆ ಬಿಟ್ಟುಹೋಗುವ ವಸ್ತು ಎಷ್ಟು ಕಾಲ ಜೀವದಿಂದಿರುತ್ತದೆ? ಎಲ್ಲ ರೋಗಾಣುಗಳಿಗೂ ಒಂದೇ ಆಯುಸ್ಸಿಲ್ಲ. ಕುರಿಗಳ ಗೊರಸು ಕೊಳೆಸುವ ರೋಗಾಣು ಪ್ರಾಣಿಯ ಕಾಲನ್ನು ಬಿಟ್ಟರೆ ಹೆಚ್ಚೆಂದರೆ ಎರಡು ವಾರ ಬದುಕೀತು. ೨೦೨೨ರಲ್ಲಿ ನಮ್ಮ ರಾಜ್ಯದ ದನಗಳನ್ನು ಬಹಳವಾಗಿ ಕಾಡಿದ ಚರ್ಮಗಂಟು ರೋಗದ ವೈರಸ್ಸು, ಉದುರಿದ ಒಣ ಹೊಪ್ಪಳೆಯೊಳಗೆ ಅಡಗಿ ೩೫ ದಿನಗಳವರೆಗೂ ಇರಬಲ್ಲದು. ಕೋಳಿಗಳ ಗಂಬೊರೊ ರೋಗದ ವೈರಸ್ಸು ಬರಿದಾದ ಮನೆಯಲ್ಲಿ ನಾಲ್ಕು ತಿಂಗಳು ಉಳಿದುದನ್ನು ಪರೀಕ್ಷಿಸಿ ನೋಡಿದ್ದಾರೆ. ಕುರಿಸಿಡುಬಿನ ವೈರಸ್ಸು ನೆರಳಿನ ದಡ್ಡಿಯಲ್ಲಿ ಆರು ತಿಂಗಳವರೆಗೂ ಬದುಕಿರಬಲ್ಲದು. ಬಿಸಿಲನ್ನು ಅದು ತಾಳಲಾರದು. 'ನೆರಳಿನ ದಡ್ಡಿ' ಎಂಬ ಮಾತನ್ನು ವಿಶೇಷವಾಗಿ ಗಮನಿಸಬೇಕು. ಕುರುಬನ ಬಯಲಿನ ದಡ್ಡಿಗೂ ನಮ್ಮ ತಗಡಿನ ಶೆಡ್ಡಿಗೂ ಇರುವ ಅಂತರವೆಲ್ಲ ಆ ಒಂದು ಮಾತಿನಲ್ಲಿ ಅಡಗಿದೆ. ಇನ್ನು ನೆರಡಿ ರೋಗದ ಬೀಜಕಣಗಳು ಮಣ್ಣಿನಲ್ಲಿ ದಶಕಗಳ ಕಾಲ ಕಾದು ಕುಳಿತಿರುವುವು. ಅವುಗಳ ಮುಂದೆ ಮನೆಯ ಔಷಧ ಸಾಗದು. ಆ ರೋಗದ ಸಂಶಯ ಬಂದರೆ ಸತ್ತ ಪ್ರಾಣಿಯನ್ನು ಕೊಯ್ಯದೆ, ಸುಲಿಯದೆ, ಮೊದಲು ಪಶುವೈದ್ಯರಿಗೆ ಸುದ್ದಿ ಮುಟ್ಟಿಸತಕ್ಕದ್ದು.

ಮುಧೋಳದವರಿಗೆ ಇನ್ನೂ ಹತ್ತಿರದ ಒಂದು ಉದಾಹರಣೆಯುಂಟು. ೨೦೦೫ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಮೂಡಿದ ಮುಧೋಳದ ಬೇಟೆನಾಯಿಯನ್ನು ಆ ಸುತ್ತಿನ ಹಳ್ಳಿಗಳಲ್ಲಿ ಅನೇಕ ಕುಟುಂಬಗಳು ಸಾಕಿ ಮರಿಗಳನ್ನು ಮಾರುವುವು. ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯ ವಿಶ್ವವಿದ್ಯಾನಿಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ನಾಯಿಮರಿಗಳಿಗೆ ರಕ್ತಭೇದಿ ಹತ್ತಿಸಿ ಕೊಲ್ಲುವ ಪಾರ್ವೋ ಎಂಬ ರೋಗ ೧೯೭೮ರಲ್ಲಿ ಜಗತ್ತಿನ ಗಮನಕ್ಕೆ ಬಂದಿತು. ಅದರ ವೈರಸ್ಸು ಕೋಣೆಯ ಮೂಲೆಯಲ್ಲಿ ತಿಂಗಳುಗಟ್ಟಲೆ ಉಳಿಯುವುದು. ಸಾಮಾನ್ಯ ಫಿನಾಯಿಲಿಗೂ ಮದ್ಯಸಾರಕ್ಕೂ ಬಗ್ಗದು. ಚೆನ್ನಾಗಿ ತೊಳೆದ ನೆಲದ ಮೇಲೆ ಹಾಕಿದ ಬ್ಲೀಚಿಂಗ್ ದ್ರಾವಣಕ್ಕೆ ಸಾಯುವುದು. ಒಂದು ಸೂಲಿನ ಮರಿಗಳು ಸತ್ತ ಕೋಣೆಯಲ್ಲಿಯೇ ಮುಂದಿನ ಸೂಲಿನ ಮರಿಗಳನ್ನು ಬಿಟ್ಟರೆ, ಆಮೇಲೆ ತಳಿಯನ್ನು ದೂರುವುದರಲ್ಲಿ ನ್ಯಾಯವಿಲ್ಲ.

ಹಾಗಾದರೆ ಬಲವಾದ ಒಂದು ಔಷಧವನ್ನು ತಂದು ಕೊಟ್ಟಿಗೆಯ ತುಂಬ ಎರಚಿಬಿಟ್ಟರೆ ಸಾಲದೆ? ಸಾಲದು. ಈ ವಿಷಯದಲ್ಲಿ ಜನಸಾಮಾನ್ಯರು ತಪ್ಪಿ ನಡೆಯುವುದು ಇಲ್ಲಿಯೇ. ಏಕೆ ಸಾಲದೆಂಬುದನ್ನು ರಬಕವಿ-ಬನಹಟ್ಟಿಯ ನೇಕಾರರಿಗೆ ಯಾರೂ ಕಲಿಸಬೇಕಾಗಿಲ್ಲ. ಅರಳೆಯ ನೂಲಿನಲ್ಲಿ ಸಹಜವಾದ ಮೇಣವೂ ಜಿಡ್ಡೂ ಇರುವುವು. ಅದನ್ನು ಹಾಗೆಯೇ ಬಣ್ಣದ ತೊಟ್ಟಿಗೆ ಅದ್ದಿದರೆ ಬಣ್ಣ ಹತ್ತದು. ಹತ್ತಿದರೂ ಒಂದು ಕಡೆ ಹತ್ತಿ ಒಂದು ಕಡೆ ಬಿಡುವುದು. ಆದುದರಿಂದ ಮೊದಲು ಸೋಡಾ ಹಾಕಿ ಕುದಿಸಿ ಜಿಡ್ಡನ್ನು ಕಳೆಯುವರು, ಬೇಕಾದರೆ ಚಲುವೆ ಮಾಡುವರು, ತೊಳೆಯುವರು, ಆಮೇಲೆ ಬಣ್ಣಕ್ಕೆ ಇಳಿಸುವರು. ಈ ಕ್ರಮವನ್ನು ಹಿಂದುಮುಂದು ಮಾಡಿದ ನೇಕಾರನಿಗೆ ಬಣ್ಣವೂ ದಂಡ, ನೂಲೂ ದಂಡ. ಕೊಟ್ಟಿಗೆಯ ವಿಷಯವೂ ಹೀಗೆಯೇ. ಸೆಗಣಿ, ಹಿಕ್ಕೆ, ಗಂಜಲ, ಉದುರಿದ ಮೇವು, ಗರಿಗಳ ಧೂಳು ಇವು ರೋಗಾಣುವಿನ ಮೇಲೆ ಹೊದಿಸಿದ ಕಂಬಳಿಯಂತೆ. ಔಷಧ ಕಂಬಳಿಯನ್ನು ನೆನೆಸುವುದೇ ಹೊರತು ಒಳಗಿನ ಶತ್ರುವನ್ನು ಮುಟ್ಟದು. ಅಷ್ಟೇ ಅಲ್ಲ, ಬ್ಲೀಚಿಂಗ್ ಪುಡಿಯಿಂದ ಹೊರಡುವ ಕ್ಲೋರಿನ್ನು ರೋಗಾಣು ಯಾವುದು, ಸೆಗಣಿ ಯಾವುದು ಎಂದು ವಿವೇಚಿಸದು. ಮೊದಲು ಸಿಕ್ಕಿದ ಕೊಳೆಯೊಡನೆ ಕೂಡಿ ತನ್ನ ಶಕ್ತಿಯನ್ನೆಲ್ಲ ಅಲ್ಲಿಯೇ ವ್ಯಯಮಾಡಿಬಿಡುವುದು. ಆಳವಾಗಿ ಹೋಗಬೇಕಾದ ಪೆಟ್ಟು ಮೇಲ್ಮೈಯಲ್ಲಿಯೇ ತೀರುವುದು. ಕೊಳೆಯನ್ನು ಕಳೆಯದೆ ಚೆಲ್ಲಿದ ಔಷಧವು ಮನಸ್ಸಿಗೆ ಸಮಾಧಾನವನ್ನು ಕೊಡುವುದಲ್ಲದೆ ಪ್ರಾಣಿಗಳಿಗೆ ರಕ್ಷಣೆಯನ್ನು ಕೊಡದು.

ಆದುದರಿಂದ ಈ ಕಾರ್ಯಕ್ಕೆ ಒಂದು ಕ್ರಮವುಂಟು. ಕ್ರಮವೇ ಇದರ ಪ್ರಾಣ. ಮೊದಲನೆಯ ಹೆಜ್ಜೆ, ಕೊಟ್ಟಿಗೆಯನ್ನು ಸಂಪೂರ್ಣವಾಗಿ ಬರಿದುಮಾಡುವುದು. ಎಲ್ಲವೂ ಒಟ್ಟಿಗೆ ಒಳಗೆ, ಎಲ್ಲವೂ ಒಟ್ಟಿಗೆ ಹೊರಗೆ ಎಂಬುದೇ ಇಲ್ಲಿಯ ನಿಯಮ. ಸಂತೆಯಲ್ಲಿ ಮಾರಾಟವಾಗದೆ ಉಳಿದ ಎರಡು ಮರಿಗಳನ್ನು ಮೂಲೆಯಲ್ಲಿ ಕಟ್ಟಿಕೊಂಡು ಉಳಿದ ಭಾಗವನ್ನು ತೊಳೆದರೆ ತೊಳೆದ ಶ್ರಮ ವ್ಯರ್ಥ. ನೋಡುವುದಕ್ಕೆ ಅವು ಆರೋಗ್ಯವಾಗಿರಬಹುದು. ಆದರೆ ತಾವು ಗೆದ್ದ ರೋಗದ ಬೀಜವನ್ನು ಹೊಸಬರಿಗೆ ಹಂಚಬಲ್ಲುವು. ಅಂಥವುಗಳನ್ನು ಬೇರೆಯೇ ಒಂದು ಕಡೆ ಕಟ್ಟತಕ್ಕದ್ದು. ಪ್ರಾಣಿಗಳ ಜೊತೆಗೆ ಗೋದಲಿಯ ಉಳಿದ ಮೇವು, ನೀರಿನ ಪಾತ್ರೆ, ಹಗ್ಗ, ಮೇಲೆ ಹೊದಿಸುವ ಗೋಣಿ ಇವೂ ಹೊರಗೆ ಬರಬೇಕು. ಹರಕು ಹಗ್ಗ ಗೋಣಿಗಳನ್ನು ಸುಡುವುದು ಲೇಸು, ಉಳಿಸಿಕೊಳ್ಳುವುದನ್ನು ಕುದಿಸಬೇಕು.

ಎರಡನೆಯದು ಒಣಶುದ್ಧಿ. ನೀರನ್ನು ಮುಟ್ಟುವುದಕ್ಕೆ ಮೊದಲು ಸಲಿಕೆ, ಕಸಬರಿಗೆಗಳಿಂದ ತೆಗೆಯಬಹುದಾದುದನ್ನೆಲ್ಲ ತೆಗೆಯಬೇಕು. ಮೇಲಿನಿಂದ ಕೆಳಕ್ಕೆ ಬರುವುದು ಪದ್ಧತಿ: ಮೊದಲು ಮಾಡಿನ ಜಂತಿ ಮತ್ತು ಜೇಡರ ಬಲೆ, ಆಮೇಲೆ ಗೋಡೆ, ಕಡೆಗೆ ನೆಲ. ನೆಲವನ್ನು ಮೊದಲು ಗುಡಿಸಿ ಆಮೇಲೆ ಜಂತಿಯನ್ನು ಝಾಡಿಸುವವನು ಎರಡು ಸಲ ಕೆಲಸ ಮಾಡುವನು. ಧೂಳೆದ್ದರೆ ಅದರೊಡನೆ ರೋಗಾಣುವೂ ಎದ್ದು ಗುಡಿಸುವವರ ಶ್ವಾಸಕೋಶವನ್ನು ಸೇರುವುದರಿಂದ, ಸ್ವಲ್ಪ ನೀರು ಚಿಮುಕಿಸಿ, ಮೂಗುಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು ಈ ಕೆಲಸ ಮಾಡಬೇಕು. ಕೆರೆದು ತೆಗೆದ ಗೊಬ್ಬರವನ್ನು ಬಾಗಿಲ ಮುಂದೆಯೇ ಹರವುವುದು ಕೂಡದು. ದೂರದ ತಿಪ್ಪೆಯಲ್ಲಿ ಒತ್ತಾಗಿ ರಾಶಿಮಾಡಿ ಮಣ್ಣಿನಿಂದಲೋ ಹಾಳೆಯಿಂದಲೋ ಮುಚ್ಚಿದರೆ, ಒಳಗೆ ಕಳಿಯುವಾಗ ೫೫ರಿಂದ ೬೦ ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕಾವೇರುವುದು. ಆ ಕಾವು ಹೆಚ್ಚಿನ ರೋಗಾಣುಗಳನ್ನೂ ಜಂತುಹುಳುಗಳ ಮೊಟ್ಟೆಗಳನ್ನೂ ಕೊಲ್ಲುವುದು. ಅಂಚಿನ ಗೊಬ್ಬರ ತಣ್ಣಗೇ ಉಳಿಯುವುದರಿಂದ ನಡುವೆ ಒಮ್ಮೆ ರಾಶಿಯನ್ನು ಮಗುಚಿಹಾಕಬೇಕು.

ಮೂರನೆಯದು ತೊಳೆಯುವುದು. ಒಣಗಿ ಕಲ್ಲಾದ ಸೆಗಣಿ ಒಂದೇ ಸಲ ಎರಚಿದ ನೀರಿಗೆ ಬಿಡುವುದಿಲ್ಲ. ಕೆಲವು ಗಂಟೆಗಳ ಕಾಲ ನೆನೆಯಲು ಬಿಡಬೇಕು. ಬಳಿಕ ಸಾಬೂನಿನ ಪುಡಿ ಅಥವಾ ವಾಷಿಂಗ್ ಸೋಡಾ ಬೆರೆಸಿದ ನೀರಿನಿಂದ, ಸಾಧ್ಯವಾದರೆ ಬಿಸಿನೀರಿನಿಂದ, ಗಟ್ಟಿಯಾದ ಬ್ರಷ್ಷಿನಿಂದ ಉಜ್ಜಬೇಕು. ಗೋದಲಿಯ ಒಳಮೂಲೆ, ಕಂಬದ ಬುಡ, ಬಾಗಿಲ ಹಿಂಬದಿ, ಅಟ್ಟಣಿಗೆಯ ಹಲಗೆಗಳ ನಡುವಿನ ಸಂದು ಇವು ಕೈ ತಪ್ಪಿಹೋಗುವ ಸ್ಥಳಗಳು. ಕೋಳಿಮನೆಯಲ್ಲಿ ನೀರಿನ ಕೊಳವೆಗಳ ಒಳಗೂ ಲೋಳೆ ಕಟ್ಟಿರುವುದು. ಅದನ್ನು ಮರೆತರೆ ಹೊಸ ಮರಿಗಳ ಮೊದಲ ಗುಟುಕಿನಲ್ಲಿಯೇ ಹಳೆಯ ರೋಗ ಸೇರಿರುವುದು. ಉಜ್ಜಿದ ಮೇಲೆ ಸಾಬೂನು ಹೋಗುವಂತೆ ಒಳ್ಳೆಯ ನೀರಿನಿಂದ ತೊಳೆಯಬೇಕು. ಈ ನೀರು ಬಾವಿಗೂ ಹಳ್ಳಕ್ಕೂ ಹರಿಯದಂತೆ ಇಂಗುಗುಂಡಿಗೆ ತಿರುಗಿಸಬೇಕು.

ಒಂದು ಲೆಕ್ಕವನ್ನು ನೋಡೋಣ. ಅಂಗೈಯಗಲದ ಕೊಳಕು ನೆಲದಲ್ಲಿ ಒಂದು ಕೋಟಿ ರೋಗಾಣುಗಳಿವೆಯೆಂದು ತಿಳಿಯೋಣ. ಕೆರೆದು ತೊಳೆಯುವುದರಿಂದ ನೂರಕ್ಕೆ ೯೯ ಹೋದರೆ ಒಂದು ಲಕ್ಷ ಉಳಿದುವು. ಸ್ವಚ್ಛವಾದ ಆ ನೆಲದ ಮೇಲೆ ಬಿದ್ದ ಔಷಧವು ಸಾವಿರಕ್ಕೆ ೯೯೯ನ್ನು ಕೊಂದರೆ ಉಳಿಯುವುದು ನೂರು. ಅದೇ ಔಷಧವನ್ನು ಕೊಳಕಿನ ಮೇಲೆಯೇ ಎರಚಿ, ಅದು ಅರ್ಧದಷ್ಟನ್ನು ಮಾತ್ರ ಕೊಂದಿತೆನ್ನಿ. ಉಳಿದುದು ಐವತ್ತು ಲಕ್ಷ. ಇದು ತಿಳಿವಳಿಕೆಗಾಗಿ ಮಾಡಿದ ಲೆಕ್ಕವೇ ಸರಿ. ಆದರೆ ಕಸಬರಿಗೆಯು ಔಷಧಕ್ಕಿಂತ ಮೊದಲೇಕೆಂಬುದು ಇದರಿಂದ ಸ್ಪಷ್ಟವಾಗುವುದು.

ನಾಲ್ಕನೆಯದು ಒಣಗಿಸುವುದು. ಇದನ್ನು ಕೆಲಸವೆಂದು ಯಾರೂ ಎಣಿಸುವುದಿಲ್ಲ. ಆದರೂ ಇದು ದೊಡ್ಡ ಕೆಲಸ. ನೆಲದಲ್ಲಿ ನೀರು ನಿಂತಿರುವಾಗಲೇ ಔಷಧವನ್ನು ಹಾಕಿದರೆ ಅದು ನೀರಾಗಿ ಬಲಗುಂದುವುದು. ಅದಲ್ಲದೆ ತೇವವೇ ಬಹುಪಾಲು ರೋಗಾಣುಗಳ ಆಶ್ರಯ. ಕೋಳಿಗಳಿಗೂ ಕುರಿಮರಿಗಳಿಗೂ ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿಯ ಮೊಟ್ಟೆಯಂಥ ಕೋಶವು ಮಾಮೂಲಿನ ಔಷಧಗಳನ್ನು ಲೆಕ್ಕಿಸದು. ಒಣಹವೆಗೂ ಶಾಖಕ್ಕೂ ಸೋಲುವುದು. ಬಾಗಿಲು ಕಿಟಕಿಗಳನ್ನು ತೆರೆದು, ಸಾಧ್ಯವಾದ ಕಡೆ ಒಂದೆರಡು ತಗಡುಗಳನ್ನೋ ಪರದೆಗಳನ್ನೋ ಸರಿಸಿ ಬಿಸಿಲು ಬೀಳಿಸಿದರೆ, ಈ ಸೀಮೆಯ ಬೇಸಗೆ ಒಂದು ಕಾಸನ್ನೂ ಕೇಳದೆ ದುಡಿಯುವುದು.

ಐದನೆಯದಾಗಿ ಔಷಧ. ಇವುಗಳಲ್ಲಿ ಸುಣ್ಣ ನಮಗೆ ಅತ್ಯಂತ ಪರಿಚಿತವಾದುದು. ಕಲಾದಗಿ ಲೋಕಾಪುರಗಳ ಕಡೆ ಸುಣ್ಣಕಲ್ಲು ಹೇರಳ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲನ್ನು ತಿಳಿಗೊಳಿಸುವುದೂ ಸುಣ್ಣವೇ. ಸುಟ್ಟ ಸುಣ್ಣದ ಹರಳಿಗೆ ನೀರು ಬಿದ್ದಾಗ ಅದು ಬಿಸಿಯಾಗಿ ಅರಳುವುದು. ಹೀಗೆ ಆಗತಾನೆ ಅರಳಿದ ಸುಣ್ಣ ತೀಕ್ಷ್ಣವಾದ ಕ್ಷಾರ. ರೋಗಾಣುಗಳನ್ನು ಕೊಲ್ಲುವುದು ಆ ಕ್ಷಾರಗುಣವೇ. ಆದರೆ ಗಾಳಿಗೆ ತೆರೆದಿಟ್ಟ ಸುಣ್ಣವು ಇಂಗಾಲಾಮ್ಲವನ್ನು ಹೀರಿಕೊಂಡು ಮತ್ತೆ ಕಲ್ಲಿನ ಗುಣಕ್ಕೇ ತಿರುಗುವುದು. ತಿಂಗಳುಗಟ್ಟಲೆ ಚೀಲದಲ್ಲಿ ಬಿದ್ದ ಸುಣ್ಣವನ್ನು ಬಳಿದರೆ ಗೋಡೆ ಬೆಳ್ಳಗಾಗುವುದೇ ಹೊರತು ಶುದ್ಧವಾಗದು. ಸುಣ್ಣ ಹೊಸದಾಗಿರಬೇಕು, ಬಳಿದ ದಿನವೇ ಅರಳಿಸಿದುದಾಗಿರಬೇಕು.

ಎರಡನೆಯ ಔಷಧ ಬ್ಲೀಚಿಂಗ್ ಪುಡಿ. ಹೊಸ ಪುಡಿಯಲ್ಲಿ ನೂರಕ್ಕೆ ಸುಮಾರು ೩೦ರಷ್ಟು ಕ್ರಿಯಾಶೀಲ ಕ್ಲೋರಿನ್ ಇರುವುದು. ಹತ್ತು ಲೀಟರ್ ನೀರಿಗೆ ೩೦೦ ಗ್ರಾಂ ಪುಡಿ ಕಲಸಿದರೆ ನೂರಕ್ಕೆ ಒಂದರ ಸಮೀಪದ ಬಲ ಬರುವುದು. ತೊಳೆದ ಸಿಮೆಂಟು ಕಲ್ಲುಗಳ ನೆಲಕ್ಕೆ ಇದು ಸಾಕು. ಡಬ್ಬಿಯ ಮುಚ್ಚಳ ತೆರೆದಿಟ್ಟ ಹಳೆಯ ಪುಡಿ ಬರಿಯ ಬಿಳಿಯ ಮಣ್ಣಿಗೆ ಸಮಾನ. ಮೂರನೆಯದಾಗಿ ಸೋಡಾಗಳು: ಕಾಲುಬಾಯಿ ರೋಗದ ವೈರಸ್ಸು ಹುಳಿಯನ್ನೂ ತಾಳದು, ಕ್ಷಾರವನ್ನೂ ತಾಳದು, ನೂರಕ್ಕೆ ೪ರ ಬಲದ ವಾಷಿಂಗ್ ಸೋಡಾ ದ್ರಾವಣವೂ ನೂರಕ್ಕೆ ೨ರ ಕಾಸ್ಟಿಕ್ ಸೋಡಾ ದ್ರಾವಣವೂ ಅದಕ್ಕೆ ಪ್ರಸಿದ್ಧವಾದ ಔಷಧಗಳು. ಫಾರ್ಮಲಿನ್ ಬಹು ಬಲಶಾಲಿಯಾದುದು ನಿಜ. ಆದರೆ ಅದರ ಹಬೆ ಕಣ್ಣು ಗಂಟಲುಗಳನ್ನು ಸುಡುವುದಲ್ಲದೆ ಅರ್ಬುದರೋಗಕ್ಕೂ ಕಾರಣವೆಂದು ಸಿದ್ಧವಾಗಿರುವುದರಿಂದ, ತಿಳಿದವರ ಮೇಲ್ವಿಚಾರಣೆಯಿಲ್ಲದೆ ಅದನ್ನು ಮುಟ್ಟದಿರುವುದು ವಿವೇಕ.

ಯಾವ ಔಷಧವಾದರೂ ನೆಲವನ್ನು ಕನಿಷ್ಠ ಅರ್ಧಗಂಟೆಯಾದರೂ ಒದ್ದೆಯಾಗಿಟ್ಟಿರಬೇಕು. ಎರಚಿದೊಡನೆ ಆರಿಹೋದರೆ ಅದು ಕೆಲಸ ಮಾಡಲಿಲ್ಲವೆಂದೇ ತಿಳಿಯತಕ್ಕದ್ದು. ಬ್ಲೀಚಿಂಗ್ ಪುಡಿಗೆ ಪಾಯಿಖಾನೆ ತೊಳೆಯುವ ಆಮ್ಲವನ್ನು ಬೆರೆಸಿದರೆ ಪ್ರಾಣಾಪಾಯದ ಕ್ಲೋರಿನ್ ಅನಿಲ ಏಳುವುದು. ಹಳೆಯ ಗಂಜಲದೊಡನೆ ಸೇರಿದರೂ ಕೆಟ್ಟ ಅನಿಲ ಹುಟ್ಟುವುದು. ನೆಲವನ್ನು ಮೊದಲು ತೊಳೆಯಬೇಕೆಂಬುದಕ್ಕೆ ಇದು ಮತ್ತೊಂದು ಕಾರಣ. ಸುಣ್ಣ, ಕಾಸ್ಟಿಕ್ ಇವುಗಳ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಗೆ ಹಾನಿ. ಕೈಗವಸು, ಬೂಟು, ಕನ್ನಡಕಗಳಿಲ್ಲದೆ ಕೂಲಿಯವರಿಂದ ಈ ಕೆಲಸ ಮಾಡಿಸುವುದು ಅನ್ಯಾಯ. ಇನ್ನು ಪಟ್ಟಣವಾಸಿಗಳಲ್ಲಿ ಒಂದು ಭ್ರಮೆಯುಂಟು: ಘಾಟು ಹೆಚ್ಚಾದಷ್ಟೂ ಶುದ್ಧಿ ಹೆಚ್ಚೆಂದು. ವಾಸನೆಯು ಔಷಧದ ಗುರುತೇ ಹೊರತು ಅದರ ಬಲದ ಅಳತೆಯಲ್ಲ.

ನಮ್ಮ ಹಳ್ಳಿಗಳ ಕೊಟ್ಟಿಗೆಗಳೆಲ್ಲ ಸಿಮೆಂಟಿನವಲ್ಲ. ಮಣ್ಣಿನ ನೆಲವನ್ನು ತೊಳೆದರೆ ಕೆಸರಾಗುವುದು. ಅಲ್ಲಿ ಗಂಜಲ ಇಂಗಿದ ಮೇಲ್ಮಣ್ಣನ್ನು ಗೇಣಿನಷ್ಟು ಅಗೆದು ತೆಗೆದು, ಅಡಿಗೆ ಸುಣ್ಣ ಚೆಲ್ಲಿ, ಹೊಸ ಗರಸನ್ನು ಹಾಕಿ ಗಟ್ಟಿಸಬೇಕು. ಗೋಡೆಯ ಬಿರುಕುಗಳಲ್ಲಿ ಉಣ್ಣೆಗಳು ಅಡಗಿರುವುವು. ಕೋಳಿಗಳ ಉಣ್ಣೆಯಂತೂ ರಕ್ತವಿಲ್ಲದೆ ತಿಂಗಳುಗಟ್ಟಲೆ ಕಾದಿರಬಲ್ಲದು. ಬಿರುಕುಗಳನ್ನು ಮೆತ್ತಿ ಮುಚ್ಚಿ, ಆಮೇಲೆ ಸುಣ್ಣ ಬಳಿಯಬೇಕು. ಸೆಗಣಿ ಸಾರಿಸುವ ಪದ್ಧತಿಯನ್ನು ಕುರಿತು ಒಂದು ಮಾತು ಹೇಳಬೇಕು. ಅಂಗಳಕ್ಕೆ ಅದು ಶೋಭೆಯಾಗಿರಬಹುದು. ಆದರೆ ರೋಗ ಬಂದುಹೋದ ಕೊಟ್ಟಿಗೆಯನ್ನು ಶುದ್ಧಿಮಾಡಿದ ಮೇಲೆ ಅದೇ ಮನೆಯ ಸೆಗಣಿಯಿಂದ ಸಾರಿಸುವುದು, ಹೊರಗೆ ಹಾಕಿದವನನ್ನು ಕೈಹಿಡಿದು ಒಳಗೆ ಕರೆತಂದಂತೆ.

ಕಡೆಯ ಹೆಜ್ಜೆ ವಿರಾಮ. ಶುದ್ಧವಾಗಿ ಒಣಗಿದ ಕೊಟ್ಟಿಗೆಯನ್ನು ಸುಮಾರು ಎರಡು ವಾರ ಬರಿದಾಗಿಯೇ ಬಿಡಬೇಕು. ಇಲಿ, ನಾಯಿ, ಹಕ್ಕಿಗಳೂ ಒಳಗೆ ಸುಳಿಯಬಾರದು. ಔಷಧದಿಂದ ತಪ್ಪಿಸಿಕೊಂಡು ಉಳಿದ ರೋಗಾಣುಗಳಲ್ಲಿ ದುರ್ಬಲವಾದುವು ಆಶ್ರಯವಿಲ್ಲದೆ ಈ ಅವಧಿಯಲ್ಲಿ ಅಳಿಯುವುವು. ದೀರ್ಘಾಯುಗಳಾದ ಸಿಡುಬು, ಗಂಬೊರೊ ಮೊದಲಾದುವು ಬರಿಯ ಕಾಯುವಿಕೆಯಿಂದ ಸಾಯುವುದಿಲ್ಲ. ಅವುಗಳಿಗೆ ತೊಳೆಯುವಿಕೆ ಔಷಧಗಳೇ ಗತಿ. ಹೀಗೆ ಎರಡು ಉಪಾಯಗಳೂ ಒಂದಕ್ಕೊಂದು ಪೂರಕ.

ಇಲ್ಲಿ ರೈತನ ಆಕ್ಷೇಪಣೆಯೊಂದನ್ನು ನಾವು ಗೌರವದಿಂದ ಕೇಳಬೇಕು. "ಬರಿಯ ಶೆಡ್ಡಿಗೆ ಬಡ್ಡಿ ನಿಲ್ಲುವುದೆ?" ಎಂದು ಆತನು ಕೇಳುವನು. ಲೆಕ್ಕ ಹಾಕಿ ನೋಡೋಣ. ಆರು ವಾರಗಳ ಕೋಳಿತಂಡಕ್ಕೆ ಎರಡು ವಾರದ ವಿರಾಮ ಸೇರಿದರೆ ಎಂಟು ವಾರ; ವರ್ಷದ ೫೨ ವಾರಗಳಲ್ಲಿ ಆರೂವರೆ ತಂಡಗಳು. ವಿರಾಮವನ್ನು ಒಂದು ವಾರಕ್ಕೆ ಇಳಿಸಿದರೆ ಏಳಕ್ಕಿಂತ ಸ್ವಲ್ಪ ಹೆಚ್ಚು. ಇಡೀ ವರ್ಷ ಅವಸರಪಟ್ಟರೂ ಒಂದು ಪೂರ್ಣ ತಂಡದ ಲಾಭವಿಲ್ಲ; ಅವಸರದಿಂದ ಒಂದೇ ತಂಡ ಕೆಟ್ಟರೂ ಆ ಲಾಭವೆಲ್ಲ ಹೋಗಿ ಮೇಲೆ ಸಾಲ. ನಾಲ್ಕು ತಿಂಗಳು ಮೇಯುವ ಕುರಿಮರಿಗಳಲ್ಲಿ ಹದಿನೈದು ದಿನಗಳ ವಿರಾಮದ ನಷ್ಟ ಇನ್ನೂ ಅಲ್ಪ. ಆದರೂ ಸಾಲದ ಕಂತು ಹದಿನೈದು ದಿನ ಕಾಯುವುದಿಲ್ಲವೆಂಬ ಕಷ್ಟ ನಿಜವಾದುದೇ. ಸಾಲ ಕೊಡುವ ಬ್ಯಾಂಕುಗಳೂ ಸಹಕಾರ ಸಂಘಗಳೂ ಮರುಪಾವತಿಯ ದಿನಗಳನ್ನು ಗೊತ್ತುಮಾಡುವಾಗ ಈ ವಿರಾಮವನ್ನು ಉದ್ಯೋಗದ ಅಂಗವೆಂದು ಗಣಿಸುವುದು ಉಚಿತ.

ಇಷ್ಟೆಲ್ಲ ಕಟ್ಟುನಿಟ್ಟು ನಮ್ಮ ಜನಕ್ಕೆ ಸಾಧ್ಯವೆ ಎಂದು ಸಂಶಯಪಡುವವರಿಗೆ ರೇಷ್ಮೆಯ ಉದ್ಯೋಗವೇ ಉತ್ತರ. ರಾಮನಗರ, ಚಿಕ್ಕಬಳ್ಳಾಪುರಗಳ ಕಡೆ ಒಂದು ಬೆಳೆ ಗೂಡುಕಟ್ಟಿ ಮುಗಿದೊಡನೆ ಹುಳುಮನೆಯನ್ನೂ ತಟ್ಟೆಗಳನ್ನೂ ತೊಳೆದು, ಬ್ಲೀಚಿಂಗ್ ಪುಡಿ ಸುಣ್ಣಗಳ ದ್ರಾವಣವನ್ನು ಸಿಂಪಡಿಸಿ, ಆಮೇಲೆಯೇ ಹೊಸ ಹುಳುಗಳನ್ನು ತರುವುದು ಸಾಮಾನ್ಯ ಗೃಹಕೃತ್ಯವೇ ಆಗಿದೆ. ೧೯೬೧ರಲ್ಲಿ ಸ್ಥಾಪಿತವಾದ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನ ಸಂಸ್ಥೆ ಈ ಕ್ರಮವನ್ನು ಬೆಳೆಗಾರರಿಗೆ ಕಲಿಸುತ್ತ ಬಂದಿದೆ. ಇದರ ಮೂಲ ಫ್ರಾನ್ಸ್ ದೇಶದಲ್ಲಿದೆ. ೧೮೬೫ರಲ್ಲಿ ಆ ದೇಶದ ದಕ್ಷಿಣದ ರೇಷ್ಮೆಬೆಳೆಗಾರರು ನಮ್ಮವರು ಗಂಟುರೋಗವೆನ್ನುವ ಪೆಬ್ರಿನ್ನಿನಿಂದ ಹಾಳಾಗುತ್ತಿದ್ದಾಗ ಪಾಶ್ಚರ್ ಮಹಾಶಯನು ಆಲೇಸ್ ಪಟ್ಟಣಕ್ಕೆ ಹೋಗಿ ವರ್ಷಗಳ ಕಾಲ ದುಡಿದನು. ರೋಗ ತಾಯಿಚಿಟ್ಟೆಯ ಮೊಟ್ಟೆಯ ಮೂಲಕವೂ ಹಿಕ್ಕೆಯಿಂದ ಮಲಿನವಾದ ಸೊಪ್ಪಿನ ಮೂಲಕವೂ ದಾಟುವುದೆಂದು ತೋರಿಸಿಕೊಟ್ಟನು. ಅಂಗೈಯಲ್ಲಿ ನೂರಾರು ಹಿಡಿಸುವ ಎಳೆಯ ಹುಳುವಿಗಾಗಿ ನಮ್ಮ ರೈತರು ಮಾಡಬಲ್ಲುದನ್ನು ಕುರಿ ಕೋಳಿಗಳಿಗಾಗಿ ಮಾಡಲಾರರೆ?

ಈ ಕೆಲಸಕ್ಕೆ ಮೇರೆಗಳೂ ಉಂಟು. ಕೊಟ್ಟಿಗೆ ಎಷ್ಟೇ ಶುದ್ಧವಾದರೂ ಚರ್ಮಗಂಟು ರೋಗವನ್ನು ಕಚ್ಚುವ ನೊಣಗಳು ಹೊತ್ತು ತರುವುವು. ಲಸಿಕೆಗೆ ಬದಲು ಸುಣ್ಣವಲ್ಲ. ಸಂತೆಯ ವ್ಯಾಪಾರಿಯ ಕೆರ, ಮೇವಿನ ಗಾಡಿಯ ಗಾಲಿ ಇವುಗಳ ಜೊತೆಗೆ ರೋಗ ಬಾಗಿಲು ದಾಟುವುದು. ಬಾಗಿಲಲ್ಲಿ ಔಷಧದ ಒಂದು ತೊಟ್ಟಿಯನ್ನಿಟ್ಟು ಅದರ ನೀರನ್ನು ದಿನವೂ ಬದಲಿಸಬೇಕು. ೨೦೧೨ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿಕೇಂದ್ರಕ್ಕೇ ಹಕ್ಕಿಜ್ವರ ಬಂದು ಪಕ್ಷಿಗಳನ್ನೆಲ್ಲ ಕೊಲ್ಲಬೇಕಾಯಿತು. ಈ ಆಪತ್ತು ಬಡವನ ಗುಡಿಸಲಿಗೆ ಮಾತ್ರ ಮೀಸಲಾದುದಲ್ಲವೆಂಬುದಕ್ಕೆ ಇಷ್ಟು ಸಾಕು. ೨೦೧೯ರ ಆಗಸ್ಟಿನಲ್ಲಿ ಕೃಷ್ಣಾ ಘಟಪ್ರಭೆಗಳು ಉಕ್ಕಿ ಜಮಖಂಡಿ ಮುಧೋಳಗಳ ಹಳ್ಳಿಗಳಿಗೆ ನುಗ್ಗಿದುವು. ಅಂಥ ಪ್ರವಾಹವು ಕೊಟ್ಟಿಗೆಯಲ್ಲಿ ಬಿಟ್ಟುಹೋಗುವ ರೊಜ್ಜನ್ನು ಹತ್ತಾರು ಊರುಗಳ ತಿಪ್ಪೆಯೆಂದೇ ಭಾವಿಸಿ, ಮೇಲೆ ಹೇಳಿದ ಕ್ರಮವನ್ನೆಲ್ಲ ಮೊದಲಿನಿಂದ ನಡೆಸಿದ ಮೇಲೆಯೇ ದನಕರುಗಳನ್ನು ಕಟ್ಟತಕ್ಕದ್ದು.

ಪಟ್ಟಣದಲ್ಲಿ ವಾಸಿಸುವ ನಮಗೂ ಇದಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬ��ುದು. ಸಂಬಂಧ ನಮ್ಮ ಊಟದ ಎಲೆಯಲ್ಲಿದೆ. ಕಸಬರಿಗೆ ಸುಣ್ಣಗಳ ಕೆಲಸ ತಪ್ಪಿದ ಕಡೆ ಆ ಸ್ಥಾನಕ್ಕೆ ಜೀವಿರೋಧಕ ಔಷಧಗಳು ಬರುವುವು. ಕೊಳಕಿನಲ್ಲಿ ಸಾಕಿದ ಪ್ರಾಣಿಯನ್ನು ಮೇವಿನಲ್ಲಿ ಬೆರೆಸಿದ ಮದ್ದಿನಿಂದ ನಿಲ್ಲಿಸಬೇಕಾಗುವುದು. ಆ ಮದ್ದಿಗೆ ಒಗ್ಗಿಹೋದ ರೋಗಾಣುಗಳು ಮುಂದೆ ಮನುಷ್ಯರನ್ನು ಹಿಡಿದಾಗ ಆಸ್ಪತ್ರೆಯಲ್ಲಿ ಅದೇ ಮದ್ದು ನಾಟದು. ಮನುಷ್ಯರಿಗೆ ಕಡೆಯ ಅಸ್ತ್ರವಾಗಿ ಉಳಿದಿರುವ ಕೋಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಭಾರತ ಸರ್ಕಾರ ೨೦೧೯ರಲ್ಲಿ ನಿಷೇಧಿಸಿದುದು ಈ ಭಯದಿಂದಲೇ. ಮೊಟ್ಟೆ ಮಾಂಸಗಳಲ್ಲಿ ಕಡಿಮೆ ಬೆಲೆಯೊಂದನ್ನೇ ನೋಡುವ ಗಿರಾಕಿಗಳಾದ ನಾವು, ರೈತನ ಆ ಹದಿನೈದು ದಿನಗಳ ವಿರಾಮದ ಬೆಲೆಯಲ್ಲಿ ಒಂದು ಪಾಲನ್ನು ಹೊರುವುದು ನ್ಯಾಯ. ನಮ್ಮಲ್ಲಿ ಹಳ್ಳಿಯ ಮನೆಯ ನಂಟು ಉಳಿಸಿಕೊಂಡವರು ಅನೇಕರಿದ್ದಾರೆ. ಮುಂದಿನ ಸಲ ಊರಿಗೆ ಹೋದಾಗ ಮರಿಗಳನ್ನು ಮಾರಿದ ಕೊಟ್ಟಿಗೆ ಬರಿದಾಗಿರುವುದು ಕಂಡರೆ, ಹೊಸ ಮರಿಗಳ ಬೆಲೆಯನ್ನು ವಿಚಾರಿಸುವುದಕ್ಕೆ ಮೊದಲು ಸಲಿಕೆ ಎಲ್ಲಿದೆಯೆಂದು ವಿಚಾರಿಸಲಿ.